ತುಂಬಿದವರಿಗೇ ಜಾಗ

ಆ ದಿನ ಬೆಳಿಗ್ಗೆ ಜಾಗಣ್ಣ ತನ್ನ ಬಾಯಿಯನ್ನು ಚಹಾ ಕುಡಿಯುವುದಕ್ಕೆ ಮಾತ್ರ ಬಳಸಿದ್ದರೆ ಇಷ್ಟು ರಂಪ ಆಗುತ್ತಿರಲಿಲ್ಲ ಎಂದು ಆಸ್ಪತ್ರೆಯಲ್ಲಿ ಈಗಲೂ ಹೇಳುವವರಿದ್ದಾರೆ. ಆದರೆ ಮೂರು ವಾರ ಬಾಗಿಲು ಹಾಕಿಕೊಂಡು ಒಂದು ಕೆಲಸ ಮಾಡಿ ಮುಗಿಸಿದವನಿಗೆ ಅದನ್ನು ಯಾರಿಗೂ ಹೇಳಬೇಡ ಅನ್ನುವುದೂ ಒಂದೇ, ಹೊಸ ಚಪ್ಪಲಿ ಕೊಂಡವನಿಗೆ ಅದನ್ನು ಕಂಕುಳಲ್ಲಿಟ್ಟುಕೊಂಡು ನಡಿ ಅನ್ನುವುದೂ ಒಂದೇ.

ಜಾಗಣ್ಣ ಅವನ ಹೆಸರಲ್ಲ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಷ್ಟೇ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಳ್ಳಬೇಕಾದಷ್ಟು ತಣ್ಣಗಿನ ಒಂದು ಕೋಣೆಯಲ್ಲಿ ಹನ್ನೆರಡು ಸರ್ವರುಗಳಿದ್ದವು. ಅವುಗಳಿಗೆ ಅವನೊಬ್ಬನೇ ದಿಕ್ಕು. ಆಸ್ಪತ್ರೆಯ ಎಲ್ಲ ಇಲಾಖೆಗಳ ಕಾಗದಪತ್ರ, ಚಿತ್ರ, ಲೆಕ್ಕ, ಎಲ್ಲವೂ ಆ ಹನ್ನೆರಡು ಪೆಟ್ಟಿಗೆಗಳ ಹೊಟ್ಟೆಯಲ್ಲಿ. ದಿನಕ್ಕೆ ಹತ್ತು ಸಲ ಫೋನು ಬರುತ್ತಿತ್ತು. "ಅಣ್ಣ, ಡಿಸ್ಕ್ ತುಂಬಿದೆ ಅಂತಿದೆ, ಸ್ವಲ್ಪ ಜಾಗ ಕೊಡಣ್ಣ." ಹನ್ನೊಂದು ವರ್ಷ ಇದನ್ನೇ ಕೇಳಿ ಕೇಳಿ ಜನಕ್ಕೆ ಅವನ ಹೆಸರು ಮರೆತು ಜಾಗಣ್ಣ ಉಳಿದಿತ್ತು.

ಜಾಗ ಕೊಡುವುದೆಂದರೆ ದರ್ಜಿಯ ಕೆಲಸದ ಹಾಗೆ. ಒಂದು ದೊಡ್ಡ ಬಟ್ಟೆಯ ಥಾನು ಇದೆ ಅಂದುಕೊಳ್ಳಿ, ಸರ್ವರುಗಳಲ್ಲಿ ಖಾಲಿ ಇರುವ ಜಾಗವೇ ಅದು. ಇಲಾಖೆಗೊಂದು ಚೀಲ. ಕಂಪ್ಯೂಟರಿನವರು ಆ ಚೀಲಕ್ಕೆ ವಾಲ್ಯೂಮ್ ಅನ್ನುತ್ತಾರೆ. ಚೀಲ ತುಂಬಿತೆಂದು ಗೋಳು ಬಂದಾಗ ಥಾನಿನಿಂದ ಒಂದು ತುಂಡು ಕತ್ತರಿಸಿ, ಚೀಲಕ್ಕೆ ಸೇರಿಸಿ ಹೊಲಿದು, ಅದನ್ನು ದೊಡ್ಡದು ಮಾಡಬೇಕು. ದೊಡ್ಡದು ಮಾಡುವುದು ಸುಲಭ. ಹೊಲಿದದ್ದನ್ನು ಬಿಚ್ಚಿ ಚಿಕ್ಕದು ಮಾಡಹೋದರೆ ಒಳಗಿನ ಸಾಮಾನೂ ಹರಿದುಹೋಗುವ ಭಯ. ಹಾಗಾಗಿ ಕೊಟ್ಟದ್ದು ಕೊಟ್ಟ ಹಾಗೆಯೇ.

ಈ ಹೊಲಿಗೆಯಿಂದಾಗಿ ಅವನ ಹೆಂಡತಿ ಎರಡು ಸಲ ಡ್ರೈವಿಂಗ್ ಪರೀಕ್ಷೆ ತಪ್ಪಿಸಿಕೊಂಡಿದ್ದಳು. ಪರೀಕ್ಷೆಗೆ ಸ್ವಂತ ಕಾರು ತರಬೇಕಿತ್ತು, ಕಾರು ಗಂಡನ ಹತ್ತಿರ ಇರುತ್ತಿತ್ತು, ಗಂಡ ಯಾರದೋ ಚೀಲ ಹೊಲಿಯುತ್ತ ಕೂತಿರುತ್ತಿದ್ದ. ಮೂರನೇ ದಿನಾಂಕ ಬಂದಾಗ ಅವಳು ಜಗಳ ಮಾಡಲಿಲ್ಲ. "ನಾಲ್ಕೂಕಾಲಿಗೆ ಪರೀಕ್ಷೆ. ನೀವು ನಾಲ್ಕಕ್ಕೆ ಮನೆ ಬಾಗಿಲಲ್ಲಿರಿ. ಇಲ್ಲದಿದ್ರೆ ಇನ್ನು ನಾನು ಕೇಳೋದೇ ಇಲ್ಲ," ಎಂದು ಮೆಲ್ಲಗೆ ಹೇಳಿದಳು. ಮದುವೆಯಾದ ಯಾವ ಗಂಡಸಿಗೂ ಗೊತ್ತು, ಜೋರಾಗಿ ಹೇಳಿದ ಮಾತಿಗೆ ಔಷಧಿ ಇದೆ, ಮೆಲ್ಲಗೆ ಹೇಳಿದ್ದಕ್ಕೆ ಇಲ್ಲ.

ಜಾಗಣ್ಣ ಮೂರು ವಾರ ಕೂತು ಒಂದು ವ್ಯವಸ್ಥೆ ಮಾಡಿದ. ಎಲ್ಲ ಸರ್ವರುಗಳಿಗೂ ಒಂದೇ ಕಡೆಯಿಂದ ಅಪ್ಪಣೆ ಕೊಡುವ ತಂತ್ರಾಂಶ ಮೊದಲೇ ಇತ್ತು. ಯಾವ ಸರ್ವರು ಹೇಗಿರಬೇಕು ಎಂದು ಒಂದು ಪಟ್ಟಿ ಬರೆದುಕೊಟ್ಟರೆ ಸಾಕು, ಅದೇ ಹೋಗಿ ಹಾಗೆ ಮಾಡಿ ಬರುತ್ತಿತ್ತು. ಅದಕ್ಕೆ ಅವನು ಹೊಸ ನಿಯಮ ಕಲಿಸಿದ. ಕಾಲು ಗಂಟೆಗೊಮ್ಮೆ ಎಲ್ಲ ಚೀಲಗಳನ್ನೂ ನೋಡು. ಯಾವುದು ನೂರಕ್ಕೆ ಎಂಬತ್ತು ತುಂಬಿದೆಯೋ ಅದನ್ನು ಥಾನಿನಿಂದ ಕತ್ತರಿಸಿ ದೊಡ್ಡದು ಮಾಡು. ಮಾಡುವ ಮುಂಚೆ, ಏನಾದರೂ ಎಡವಟ್ಟಾದರೆ ಇರಲಿ ಎಂದು, ಚೀಲದಲ್ಲಿದ್ದುದರ ಒಂದು ನಕಲು ತೆಗೆದಿಡು. ಜಾಗ್ರತೆಯ ಮನುಷ್ಯ ಅವನು. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವ ಜಾತಿ.

ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರಿಗೆ ಯಂತ್ರದ ಮೇಲೆ ನಂಬಿಕೆ ಕಡಿಮೆ. ಅವರು ಒಂದು ಷರತ್ತು ಹಾಕಿದರು. "ಒಂದು ದಿನ ಪೂರ್ತಿ ನೀವು ಕೈ ಹಾಕದೆ ನಡೆದು ತೋರಿಸಲಿ. ನೀವು ಬೇಕಾದ್ರೆ ಮೂರೂವರೆಗೆ ಮನೆಗೆ ಹೋಗಿ. ನೀವಿಲ್ಲದಾಗ ನಡೀಬೇಕಲ್ಲ, ಅದೇ ಪರೀಕ್ಷೆ. ನಡುವೆ ನಿಲ್ಲಿಸಿದ್ರೆ ಆ ಯಂತ್ರ ಇನ್ನು ಬೇಡ."

ಹೀಗೆ ಒಂದೇ ದಿನಕ್ಕೆ ಗಂಡನಿಗೊಂದು, ಹೆಂಡತಿಗೊಂದು ಪರೀಕ್ಷೆ ಬಿದ್ದಿತ್ತು. ಬೆಳಿಗ್ಗೆ ಎಂಟಕ್ಕೆ ನಿಯಮವನ್ನು ಚಾಲೂ ಮಾಡಿ ಜಾಗಣ್ಣ ಚಹಾ ಕುಡಿಯಲು ಮೇಲೆ ಬಂದ.

ಚಹಾ ಮೂಲೆಯಲ್ಲಿ ಹಾಜರಿ ಮೇಡಂ, ಔಷಧಿ ಮಾವ, ಅಡುಗೆಮನೆಯ ಮೇಲ್ವಿಚಾರಕಿ ಮೂವರೂ ಇದ್ದರು. ಔಷಧಿ ಮಾವ ಆಸ್ಪತ್ರೆಯ ಔಷಧಿ ಅಂಗಡಿಯ ಹಿರಿಯ. ನಿವೃತ್ತಿಗೆ ಎಂಟು ತಿಂಗಳಿದ್ದ ಅವರು ಎಲ್ಲರಿಗೂ ಮಾವ, ಎಲ್ಲರ ವಿಷಯಕ್ಕೂ ಮಾವ.

"ಏನಪ್ಪ ಜಾಗಣ್ಣ, ಮುಖ ಬೆಳಗ್ತಿದೆ," ಎಂದರು ಮಾವ.

"ಇವತ್ತಿಂದ ನನಗೆ ಯಾರೂ ಫೋನ್ ಮಾಡೋ ಹಾಗಿಲ್ಲ ಮಾವ. ವಾಲ್ಯೂಮ್ ತುಂಬ್ತಾ ಬಂತು ಅಂದ್ರೆ ಸಾಕು, ತಾನಾಗೇ ದೊಡ್ಡದಾಗತ್ತೆ."

"ವಾಲ್ಯೂಮ್ ದೊಡ್ಡದಾದ್ರೆ ಪೇಷೆಂಟ್‌ಗಳಿಗೆ ನಿದ್ದೆ ಬರಲ್ವಲ್ಲೋ."

"ರೇಡಿಯೋ ವಾಲ್ಯೂಮ್ ಅಲ್ಲ ಮಾವ. ನಿಮ್ಮ ಫೈಲ್ ಇಡೋ ಜಾಗ. ನೂರಕ್ಕೆ ಎಂಬತ್ತು ತುಂಬಿದ್ರೆ ಅದೇ ಇನ್ನಷ್ಟು ಕೊಡತ್ತೆ."

ಹಾಜರಿ ಮೇಡಂ ಲೋಟ ಕೆಳಗಿಟ್ಟರು. ಸಿಬ್ಬಂದಿಯ ಹಾಜರಿ ನೋಡುವ ಅವರಿಗೆ ಯಾವ ನಿಯಮ ಕೇಳಿದರೂ ಅದರ ಕಿಂಡಿ ಮೊದಲು ಕಾಣುತ್ತಿತ್ತು. "ಅರ್ಧ ಮಾತ್ರ ತುಂಬಿದ್ರೆ?"

"ಕೊಡಲ್ಲ. ಅವರಿಗೆ ಬೇಕಿಲ್ಲ ಅಂತ ಅರ್ಥ."

"ಎಲ್ಲರಿಗೂ ಸಾಕಾಗೋಷ್ಟು ಇದೆಯಾ?"

"ನಾಲ್ಕು ಸಾವಿರ ಜಿಬಿ ಖಾಲಿ ಇದೆ ಮೇಡಂ. ಎರಡು ವರ್ಷಕ್ಕೆ ಧಾರಾಳ."

ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬೇಗಬೇಗ ಚಹಾ ಮುಗಿಸಿ ಹೊರಟರು. ಜಾಗಣ್ಣ ಅದನ್ನು ಕೆಲಸದ ಮೇಲಿನ ಶ್ರದ್ಧೆ ಎಂದು ತಿಳಿದ.

ಎಂಟೂವರೆಯಿಂದ ಹತ್ತೂವರೆಯವರೆಗಿನ ಎರಡು ಗಂಟೆ ಅವನ ಬಾಳಿನಲ್ಲೇ ಅತ್ಯಂತ ಸುಖದ್ದು. ಫೋನು ಸತ್ತ ಮೀನಿನ ಹಾಗೆ ಮೇಜಿನ ಮೇಲೆ ಬಿದ್ದಿತ್ತು. ಪರದೆಯ ಮೇಲೆ ಪ್ರತಿ ಕಾಲು ಗಂಟೆಗೊಮ್ಮೆ ಇಲಾಖೆಗಳ ಹೆಸರು ಸಾಲಾಗಿ ಮೂಡಿ ಹಸಿರು ಗುರುತು ಬೀಳುತ್ತಿತ್ತು. ಬಿದ್ದಾಗಲೆಲ್ಲ ಅವನು ಬಗ್ಗಿ ನೋಡಿ, ತಂದೆಯಾದವನು ತೊಟ್ಟಿಲು ನೋಡಿದ ಹಾಗೆ ನೋಡಿ, ಹಿಂದಕ್ಕೆ ಒರಗುತ್ತಿದ್ದ.

ಹತ್ತೂಮುಕ್ಕಾಲಿಗೆ ಅವನ ಕಣ್ಣು ಕೆಳಗಿನ ಮೂಲೆಯ ಅಂಕಿಯ ಮೇಲೆ ಬಿತ್ತು. ಥಾನಿನಲ್ಲಿ ಮಿಕ್ಕಿರುವ ಬಟ್ಟೆ, ಮೂರು ಸಾವಿರದ ಇನ್ನೂರು. ಬೆಳಿಗ್ಗೆ ನಾಲ್ಕು ಸಾವಿರ ಇತ್ತು. ಎರಡು ವರ್ಷಕ್ಕೆ ಧಾರಾಳ ಎಂದದ್ದು ಎರಡು ದಿನಕ್ಕೂ ಸಾಲದ ಲಕ್ಷಣ. ಇರಲಿ, ಮೊದಲ ದಿನದ ಹಸಿವು ಎಂದು ಸಮಾಧಾನ ಮಾಡಿಕೊಂಡು ಡಬ್ಬಿ ಬಿಚ್ಚಿದ. ಬೇಗ ಬಿಚ್ಚಿದ್ದೂ ಒಳ್ಳೆಯದೇ ಆಯಿತು. ಹನ್ನೊಂದೂವರೆಗೆ ನೋಡಿದರೆ ಎರಡು ಸಾವಿರದ ಒಂಬೈನೂರು. ಉಳಿದ ಊಟವನ್ನು ಹಾಗೇ ಮುಚ್ಚಿಟ್ಟ.

ಪಟ್ಟಿ ನೋಡಿದ. ಹಾಜರಿ, ಔಷಧಿ, ಅಡುಗೆಮನೆ, ಟಪಾಲು, ಎಲ್ಲರೂ ಬೆಳಿಗ್ಗೆಯಿಂದ ಎರಡು ಮೂರು ಸಲ ಬಡಿಸಿಕೊಂಡಿದ್ದರು. ಒಂದೂ ಹೊಟ್ಟೆ ಎಂಬತ್ತಕ್ಕಿಂತ ಕೆಳಗಿರಲಿಲ್ಲ. ಊಟದ ಸಾಲಿನಲ್ಲಿ ಎಲೆ ಖಾಲಿ ಮಾಡಿ ಬಡಿಸುವವನ ಕಡೆ ನೋಡುವ ಜನದ ಹಾಗೆ ಕೂತಿದ್ದರು.

ಯಂತ್ರವನ್ನು ನಿಲ್ಲಿಸಲು ಒಂದು ಗುಂಡಿ ಸಾಕಿತ್ತು. ಆದರೆ ನಿಲ್ಲಿಸಿದರೆ ದೊಡ್ಡ ಡಾಕ್ಟರ ಷರತ್ತು, ಮತ್ತೆ ನಾಳೆಯಿಂದ ಅದೇ ಸೂಜಿ ಅದೇ ದಾರ. ಯಂತ್ರದಲ್ಲಿ ತಪ್ಪಿಲ್ಲ, ತಪ್ಪೇನಿದ್ದರೂ ಜನದಲ್ಲಿ ಎಂದು ತೀರ್ಮಾನಿಸಿ, ಜನವನ್ನು ರಿಪೇರಿ ಮಾಡಲು ಜಾಗಣ್ಣ ಮೇಲಕ್ಕೆ ಹೊರಟ. ಅಲ್ಲೇ ಅವನು ಮೊದಲು ಕೆಟ್ಟದ್ದು.

ಹಾಜರಿ ಮೇಡಂ ಬಾಗಿಲು ಅರ್ಧ ಮುಚ್ಚಿಕೊಂಡು ಮನೆಯಿಂದ ತರಿಸಿದ ಒಂದು ಹಾರ್ಡ್‌ಡಿಸ್ಕಿನಿಂದ ಏನನ್ನೋ ಸರ್ವರಿಗೆ ಸುರಿಯುತ್ತಿದ್ದರು.

"ಮೇಡಂ, ಇದೇನು?"

"ನನ್ನ ತಂಗಿ ಮದುವೆ ವೀಡಿಯೋ."

"ಆಸ್ಪತ್ರೆ ಸರ್ವರಲ್ಲಾ?"

"ತುಂಬಿದ್ರೆ ಕೊಡತ್ತೆ ಅಂದಿದ್ದು ನೀನೇ ತಾನೆ. ನನ್ನದು ಎಪ್ಪತ್ತೊಂದರಲ್ಲಿ ನಿಂತಿತ್ತು. ಪಕ್ಕದ ಔಷಧಿಯವರು ಎಂಬತ್ತೈದಕ್ಕೆ ಹೋಗಿ ಕೂತಿದ್ದಾರೆ. ನಾಳೆ ನನಗೆ ನಿಜವಾಗ್ಲೂ ಬೇಕಾದಾಗ ಎಲ್ಲಾ ಅವರೇ ತಗೊಂಡಿರ್ತಾರೆ. ಈಗ್ಲೇ ಹಿಡ್ಕೊಂಡಿಡೋದು ಬೇಡ್ವಾ?"

"ಮೇಡಂ, ಬೇಕಾದಾಗ ಅದೇ ಕೊಡತ್ತೆ. ಹಿಡ್ಕೊಂಡಿಡೋ ಅಗತ್ಯನೇ ಇಲ್ಲ."

"ಬಸ್ಸಲ್ಲಿ ಸೀಟ್ ಇದೆ ಅಂತ ಯಾರಾದ್ರೂ ನಿಂತಿರ್ತಾರೇನಪ್ಪ? ಟವೆಲ್ ಹಾಕೇ ಹಾಕ್ತಾರೆ. ಇದು ನನ್ನ ಟವೆಲ್."

ಅವನು ಕೈ ಮುಗಿದ. ಮುಗಿದ ಕೈಗೆ ಅವರು ಕರಗಲಿಲ್ಲ. ಕೊನೆಗೆ, ಆ ಮದುವೆ ವೀಡಿಯೋವನ್ನು ಇಡೀ ಆಸ್ಪತ್ರೆ ನೋಡಬಹುದು ಎಂದು ಒಂದು ಸುಳ್ಳು ಹೇಳಿದ. ಮೇಡಂ ಬೆಚ್ಚಿಬಿದ್ದು ಅಳಿಸಿದರು. ಅಳಿಸುವ ಭರಾಟೆಯಲ್ಲಿ ಹನ್ನೊಂದು ವರ್ಷದ ಹಳೇ ಕಸವೂ ಕಣ್ಣಿಗೆ ಬಿದ್ದು ಅದನ್ನೂ ಗುಡಿಸತೊಡಗಿದರು.

ಔಷಧಿ ಮಾವ ಇನ್ನೂ ಸರಳ. ಅವರು ಒಂದೇ ಫೈಲನ್ನು ಒಂಬತ್ತು ಸಲ ನಕಲು ಮಾಡಿ, ಒಂದು, ಎರಡು, ಮೂರು ಎಂದು ಹೆಸರಿಟ್ಟಿದ್ದರು.

"ಮಾವ, ಒಂದೇ ಪಟ್ಟಿ ಒಂಬತ್ತು ಯಾಕೆ?"

"ಒಂದು ಕಳೆದ್ರೆ ಇನ್ನೊಂದು."

"ಮಿಕ್ಕ ಏಳು?"

"ನಾನು ನಿವೃತ್ತಿ ಆಗೋನು. ಮುಂದೆ ಬರೋನು ಹೇಗಿರ್ತಾನೋ ಏನೋ. ಅವನಿಗೆ ವಿಶಾಲವಾದ ಜಾಗ ಬಿಟ್ಟು ಹೋದೆ ಅಂತ ಹೆಸರಾದ್ರೂ ಇರಲಿ."

"ಜಾಗ ಬಿಡ್ತಿಲ್ಲ ಮಾವ, ತುಂಬ್ತಿದ್ದೀರಿ."

ಮಾವ ಕನ್ನಡಕ ತೆಗೆದು ಒರೆಸಿ ಯೋಚಿಸಿದರು. ಮುಕ್ಕಾಲು ಗಂಟೆ ತಮ್ಮ ಮಂಡಿನೋವಿನ ಕತೆಯನ್ನು ಜಾಗಣ್ಣ ಕೇಳಿಸಿಕೊಂಡ ಮೇಲೆ, ಒಂಬತ್ತರಲ್ಲಿ ಎಂಟನ್ನು ಅಳಿಸಲು ಒಪ್ಪಿದರು. ಅಳಿಸುವಾಗ ಪ್ರತಿಯೊಂದಕ್ಕೂ, "ಇದು ಬೇಕಾಗಬಹುದೇನೋ," ಎಂದು ಒಂದು ನಿಟ್ಟುಸಿರು.

ಅಡುಗೆಮನೆಯ ಮೇಲ್ವಿಚಾರಕಿ ನಾಲ್ಕು ವರ್ಷದಿಂದ ಪ್ರತಿ ರೋಗಿಯ ಊಟದ ತಟ್ಟೆಯ ಚಿತ್ರ ಇಟ್ಟಿದ್ದರು. "ಊಟ ಕೊಡಲಿಲ್ಲ ಅಂತ ಒಬ್ಬರು ದೂರು ಕೊಟ್ಟಿದ್ರು ನೋಡಿ, ಅವತ್ತಿಂದ." ಟಪಾಲಿನವನು ಬಂದ ಪತ್ರಗಳನ್ನಲ್ಲದೆ ಅವುಗಳ ಖಾಲಿ ಹಿಂಬದಿಯನ್ನೂ ಸ್ಕ್ಯಾನ್ ಮಾಡಿದ್ದ. "ಖಾಲಿ ಅಂತ ಸಾಕ್ಷಿ ಬೇಡ್ವಾ ಅಣ್ಣ?" ಎಂದು ಕೇಳಿದ. ಜಾಗಣ್ಣ ಒಬ್ಬೊಬ್ಬರ ಪಕ್ಕದಲ್ಲೂ ಕುರ್ಚಿ ಎಳೆದು ಕೂತು, ಹಲ್ಲು ಕೀಳುವ ಡಾಕ್ಟರಿನ ಹಾಗೆ ಮಾತಾಡಿಸುತ್ತ ಮಾತಾಡಿಸುತ್ತ ಒಂದೊಂದನ್ನೇ ಕೀಳಿಸಿದ. ಅಂಗಿ ಬೆವರಿಗೆ ಬೆನ್ನಿಗಂಟಿತು. ಎರಡು ಗಂಟೆಯ ಹೊತ್ತಿಗೆ ನಾಲ್ಕೂ ಇಲಾಖೆಗಳು ಎಂಬತ್ತರ ಕೆಳಗೆ ಇಳಿದಿದ್ದವು. ಇನ್ನು ಯಾರೂ ಕೇಳುವವರಿಲ್ಲ ಎಂದು ಅವನು ಮೆಟ್ಟಿಲ ಮೇಲೆ ಕೂತು ಉಸಿರು ಬಿಟ್ಟ.

ಆಗ ಜೇಬಿನಲ್ಲಿ ಫೋನು ನಡುಗಿತು. ಸ್ಕ್ಯಾನಿಂಗ್ ಅಕ್ಕ.

ಸ್ಕ್ಯಾನಿಂಗ್ ಅಕ್ಕ ಜೋರು ಮಾತಾಡುವವರಲ್ಲ. ಹದಿನೆಂಟು ವರ್ಷ ಯಂತ್ರದ ಮುಂದೆ, "ಉಸಿರು ಹಿಡ್ಕೊಳ್ಳಿ, ಉಸಿರು ಬಿಡಿ," ಎಂದು ಹೇಳಿ ಹೇಳಿ ಅವರ ದನಿಯಲ್ಲೇ ಒಂದು ಸಮಾಧಾನವಿತ್ತು. ಈಗ ಅದು ಇರಲಿಲ್ಲ.

"ಜಾಗಣ್ಣ, ಮಶಿನ್ ನಿಂತಿದೆ. ಚಿತ್ರ ಇಡೋಕೆ ಜಾಗ ಇಲ್ಲ ಅಂತಿದೆ. ಇಲ್ಲೊಬ್ಬರು ಮೇಷ್ಟ್ರಿದ್ದಾರೆ, ಮೂತ್ರನಾಳದಲ್ಲಿ ಕಲ್ಲು ಸಿಕ್ಕಿದೆ, ಜ್ವರ ಏರ್ತಿದೆ. ಮೂರೂವರೆಗೆ ಆಪರೇಷನ್. ಅಷ್ಟರೊಳಗೆ ಸ್ಕ್ಯಾನ್ ಆಗ್ಲೇಬೇಕು. ಬೇಗ ಬಾ."

ಅವನು ಮೆಟ್ಟಿಲ ಮೇಲೇ ಲ್ಯಾಪ್‌ಟಾಪ್ ತೆಗೆದ. ಮೂಲೆಯ ಅಂಕಿ ಸೊನ್ನೆ ತೋರಿಸುತ್ತಿತ್ತು. ನಾಲ್ಕು ಸಾವಿರದಲ್ಲಿ ಒಂದು ಚಿಂದಿಯೂ ಉಳಿದಿರಲಿಲ್ಲ. ದೊಡ್ಡ ಡಾಕ್ಟರ ಷರತ್ತು, ಹೆಂಡತಿಯ ಮೆಲುದನಿ ಎರಡೂ ಮನಸ್ಸಿನಿಂದ ಒಟ್ಟಿಗೇ ಜಾರಿಹೋದವು. ಗುಂಡಿ ಒತ್ತಿ ಯಂತ್ರವನ್ನು ನಿಲ್ಲಿಸಿದ. ನಿಲ್ಲಿಸಿ ಏನು ಬಂತು, ಕೊಟ್ಟದ್ದು ವಾಪಸು ಬರುವುದಿಲ್ಲವಲ್ಲ. ಎರಡೆರಡು ಮೆಟ್ಟಿಲು ಹಾರಿ ಸ್ಕ್ಯಾನಿಂಗಿಗೆ ಓಡಿದ.

ಬಾಗಿಲ ಹೊರಗೆ ಗಾಲಿಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು. ಎಪ್ಪತ್ತರ ತೆಳ್ಳನೆಯ ಮನುಷ್ಯ, ಕಣ್ಣು ಕೆಂಪಗೆ, ಹಣೆಯ ಮೇಲೆ ಒದ್ದೆ ಬಟ್ಟೆ. ಪಕ್ಕದಲ್ಲಿ ಅವರ ಮಗಳು, ಅಪ್ಪನ ಕೈ ಹಿಡಿದುಕೊಂಡು. ನೋವು ಬಂದಾಗ ಮೇಷ್ಟ್ರು ಕಣ್ಣು ಮುಚ್ಚುತ್ತಿದ್ದರು, ಹೋದಾಗ ತೆರೆದು ಸುತ್ತ ನೋಡುತ್ತಿದ್ದರು.

"ಇವರೇನಾ ಜಾಗ ಕೊಡೋರು?" ಎಂದರು ಮೇಷ್ಟ್ರು.

"ಹೌದು ಸರ್. ಐದು ನಿಮಿಷ ಸರ್," ಎಂದ ಜಾಗಣ್ಣ. ಐದು ನಿಮಿಷದಲ್ಲಿ ಏನು ಮಾಡುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು ಯಾರು ಎಷ್ಟು ತಿಂದರೆಂಬ ಪಟ್ಟಿ ತೆಗೆದ. ಗಾಬರಿಗೆ ಗಟ್ಟಿಯಾಗಿ ಓದತೊಡಗಿದ. "ಹಾಜರಿ ಅರವತ್ತು. ಟಪಾಲು ನಲವತ್ತು. ಔಷಧಿ ಎಂಬತ್ತು. ಅಡುಗೆಮನೆ ಇಪ್ಪತ್ತು. ಸ್ಕ್ಯಾನಿಂಗ್ ಇನ್ನೂರು. ಇವರೇ, ಇವರೇ ಎಲ್ಲಾ ತಿಂದು ಮುಗಿಸಿದ್ದು. ಯಾರದ್ದನ್ನ ಕಿತ್ತುಕೊಳ್ಳಲಿ ಈಗ?"

"ನಾನೂರು," ಎಂದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ.

"ಏನ್ ಸರ್?"

"ನೀವು ಓದಿದ್ದು ಕೂಡಿದ್ರೆ ನಾನೂರಾಗತ್ತೆ. ಒಟ್ಟು ಎಷ್ಟು ಹೋಗಿದೆ?"

"ನಾಲ್ಕು ಸಾವಿರ."

"ಹಾಗಾದ್ರೆ ಮೂರು ಸಾವಿರದ ಆರುನೂರು ಯಾರ ಹತ್ರ ಇದೆ?"

ಮಗಳು ಅಪ್ಪನ ಹಣೆಯ ಬಟ್ಟೆ ಸರಿ ಮಾಡಿ, "ಮೂವತ್ತೆಂಟು ವರ್ಷ ಗಣಿತ ಹೇಳ್ಕೊಟ್ಟವರು. ಜ್ವರ ಬಂದ್ರೆ ಇನ್ನೂ ಜಾಸ್ತಿ," ಎಂದಳು.

ಜಾಗಣ್ಣ ಪರದೆಯನ್ನು ಕೊನೆಯವರೆಗೂ ಸರಿಸಿ ನೋಡಿದ. ಪಟ್ಟಿಯಲ್ಲಿ ಇನ್ನು ಯಾರೂ ಇರಲಿಲ್ಲ.

"ಕ್ಲಾಸಲ್ಲಿ ಹುಡುಗರಿಗೆ ಹೇಳ್ತಿದ್ದೆ," ಮೇಷ್ಟ್ರು ನೋವಿಗೆ ಹಲ್ಲು ಕಚ್ಚಿ ಒಂದು ಕ್ಷಣ ತಡೆದು ಮುಂದುವರಿಸಿದರು, "ಲೆಕ್ಕ ತಪ್ಪಿದ್ರೆ ಸಂಖ್ಯೆಗಳನ್ನ ಬೈಬೇಡಿ, ಬಿಟ್ಟುಹೋದ ಸಾಲು ಯಾವುದು ನೋಡಿ ಅಂತ. ನಿಮ್ಮ ಪಟ್ಟಿಯಲ್ಲಿ ಯಾರನ್ನೋ ಬರ್ದಿಲ್ಲ."

ಬರೆಯದೆ ಬಿಟ್ಟದ್ದು ಒಬ್ಬರನ್ನೇ. ಇಲಾಖೆಗಳ ಪಟ್ಟಿ ಮಾಡುವಾಗ ನೆಲಮಾಳಿಗೆಯ ತನ್ನ ಸ್ವಂತ ಚೀಲವನ್ನು, ಇದರಲ್ಲೇನಿದೆ ಎಂದು ಜಾಗಣ್ಣ ಪರದೆಗೆ ತಂದಿರಲಿಲ್ಲ. ಅವನು ಅದನ್ನು ತೆರೆದ. ತೆರೆದು ನೋಡಿದವನ ಬಾಯಿ ಸ್ಕ್ಯಾನಿಂಗ್ ಯಂತ್ರದ ಬಾಯಿಯ ಹಾಗೆ ದುಂಡಗಾಯಿತು.

ಇಲಾಖೆಯ ಚೀಲ ದೊಡ್ಡದು ಮಾಡುವ ಮುಂಚೆ ನಕಲು ತೆಗೆದಿಡು ಎಂದು ಅವನೇ ಹೇಳಿದ್ದನಲ್ಲ, ಆ ನಕಲುಗಳೆಲ್ಲ ಬಂದು ಬೀಳುತ್ತಿದ್ದುದು ಅವನ ಚೀಲಕ್ಕೆ. ನಕಲುಗಳಿಂದ ಅವನ ಚೀಲ ಎಂಬತ್ತು ತುಂಬಿತು. ತುಂಬಿದವರಿಗೆ ಕೊಡು ಎಂದಿದ್ದನಲ್ಲ, ಯಂತ್ರ ಅವನ ಚೀಲವನ್ನೂ ದೊಡ್ಡದು ಮಾಡಲು ಬಂತು. ಮಾಡುವ ಮುಂಚೆ, ಹೇಳಿದ ಮಾತು ಮೀರದ ಸೊಸೆಯ ಹಾಗೆ, ಅವನ ಚೀಲದ್ದೂ ಒಂದು ನಕಲು ತೆಗೆದು ಅವನ ಚೀಲದಲ್ಲೇ ಇಟ್ಟಿತು. ಅದರಿಂದ ಚೀಲ ಮತ್ತೆ ತುಂಬಿತು. ಮತ್ತೆ ದೊಡ್ಡದು ಮಾಡಿತು, ಮತ್ತೆ ನಕಲು, ನಕಲಿನ ನಕಲು, ಆ ನಕಲಿನ ನಕಲಿಗೂ ನಕಲು. ಮೂರು ಸಾವಿರದ ಆರುನೂರು. ಹಾಜರಿ ಮೇಡಂ ಟವೆಲ್ ಹಾಕಿದ್ದು ಒಂದು ಸೀಟಿಗೆ. ಜಾಗಣ್ಣ ಬಸ್ಸನ್ನೇ ನುಂಗಿದ್ದ.

"ಸಿಕ್ತಾ?" ಎಂದರು ಮೇಷ್ಟ್ರು.

"ಸಿಕ್ತು ಸರ್. ನಾನೇ."

"ಒಳ್ಳೇದಾಯ್ತು. ಪರಿಚಯದವರು."

ಅವನ ಚೀಲದಲ್ಲಿ ಬೇರೆ ಏನೂ ಇರಲಿಲ್ಲ, ಇನ್ನೊಬ್ಬರ ಸಾಮಾನಂತೂ ಇರಲೇ ಇಲ್ಲ. ಚಿಕ್ಕದು ಮಾಡುವ ಗೊಡವೆಯೇ ಬೇಡ, ಚೀಲಕ್ಕೆ ಚೀಲವನ್ನೇ ಬಿಚ್ಚಿ ಬಿಸಾಡಬಹುದಿತ್ತು. ಹನ್ನೊಂದು ವರ್ಷದಲ್ಲಿ ಒಂದು ಫೈಲನ್ನೂ ಮೂರು ಸಲ ನೋಡದೆ ಅಳಿಸದವನು ಅಂದು ಒಂದೇ ಸಲ ನೋಡಿ ಅಳಿಸಿದ. ಸೊನ್ನೆ ಇದ್ದದ್ದು ಕಣ್ಣೆದುರೇ ಮೂರು ಸಾವಿರದ ಆರುನೂರಾಯಿತು. ಕೈಯಾರೆ ಒಂದು ದೊಡ್ಡ ತುಂಡು ಕತ್ತರಿಸಿ ಸ್ಕ್ಯಾನಿಂಗಿಗೆ ಹೊಲಿದ. ಒಳಗಿನಿಂದ ಯಂತ್ರ ಗುಂಯ್ ಎಂದು ಎದ್ದ ಸದ್ದು ಕೇಳಿಸಿತು. ಅದರ ಹಿಂದೆಯೇ ಅಕ್ಕನ ಹಳೆಯ ದನಿ. "ಬನ್ನಿ ಮೇಷ್ಟ್ರೇ. ಮಲಗಿ. ಉಸಿರು ಹಿಡ್ಕೊಳ್ಳಿ."

ಹೊರಗೆ ಬೆಂಚಿನ ಮೇಲೆ ಜಾಗಣ್ಣನೂ ಉಸಿರು ಹಿಡಿದುಕೊಂಡ. "ಉಸಿರು ಬಿಡಿ," ಎಂದಾಗ ಬಿಟ್ಟ. ಮೂರಕ್ಕೆ ಐದು ನಿಮಿಷವಿರುವಾಗ ಚಿತ್ರಗಳು ಆಪರೇಷನ್ ಕೋಣೆಯ ಪರದೆಗೆ ಹೋದವು. ಮೇಷ್ಟ್ರ ಮಗಳು ಅವನ ಹತ್ತಿರ ಬಂದು ನೀರಿನ ಬಾಟಲಿ ಕೊಟ್ಟಳು. ಬೆಳಿಗ್ಗೆಯ ಚಹಾ ಬಿಟ್ಟರೆ ನೆಮ್ಮದಿಯಾಗಿ ಕುಡಿದದ್ದು ಅದೊಂದೇ.

ಮೂರೂಕಾಲಿಗೆ ದೊಡ್ಡ ಡಾಕ್ಟರಿಂದ ಕರೆ ಬಂತು.

ಅವರ ಕೋಣೆಗೆ ಹೋಗುವ ದಾರಿಯಲ್ಲಿ ಜಾಗಣ್ಣ ರಾಜೀನಾಮೆ ಪತ್ರದ ಮೊದಲ ಎರಡು ಸಾಲು ಮನಸ್ಸಿನಲ್ಲೇ ಬರೆದ. ಒಳಗೆ ಹೋದರೆ ಹಾಜರಿ ಮೇಡಂ, ಔಷಧಿ ಮಾವ ಇಬ್ಬರೂ ಕೂತಿದ್ದರು. ದೂರು ಕೊಡಲು ಬಂದಿದ್ದಾರೆ, ಮುಗಿಯಿತು ಎಂದುಕೊಂಡ.

"ಕೂತ್ಕೊಳ್ಳಿ," ಎಂದರು ದೊಡ್ಡ ಡಾಕ್ಟರು. "ಯಂತ್ರ ನಿಲ್ಲಿಸಿದಿರಂತೆ."

"ಹೌದು ಸರ್. ಒಂದು ಗಂಟೆ ಆಯ್ತು."

"ಬೆಳಿಗ್ಗೆಯಿಂದ ಇಲಾಖೆ ಇಲಾಖೆಗೆ ಹೋಗಿ ಎಲ್ಲರ ಪಕ್ಕ ಕೂತು ಫೈಲ್ ಅಳಿಸಿಸಿದಿರಂತೆ."

"ಹೌದು ಸರ್."

"ಈ ಮೇಡಂಗೆ ಏನು ಸಿಕ್ತು ಗೊತ್ತಾ? ಎರಡು ವರ್ಷದಿಂದ ಕಾಣೆಯಾಗಿದ್ದ ರಜೆ ಪಟ್ಟಿ. ಮಾವನವರು ಒಂಬತ್ತು ನಕಲು ಮಾಡಿಟ್ಟಿದ್ದ ಪಟ್ಟಿನೇ ಹಳೇದಂತೆ, ಅದನ್ನೇ ನೋಡ್ಕೊಂಡು ಔಷಧಿ ತರಿಸ್ತಿದ್ರಂತೆ. ಅಡುಗೆಮನೆ, ಟಪಾಲು ಎಲ್ಲಾ ಕಡೆ ಕಸ ಹೋಗಿದೆ. ಹನ್ನೊಂದು ವರ್ಷದಲ್ಲಿ ಆಗದ್ದು ಒಂದು ಮಧ್ಯಾಹ್ನದಲ್ಲಿ ಆಯ್ತು."

"ನನ್ನ ಮಂಡಿನೋವಿನ ವಿಷಯನೂ ಪೂರ್ತಿ ಕೇಳಿಸ್ಕೊಂಡ ಸರ್," ಎಂದರು ಮಾವ. "ಇಲ್ಲಿ ಯಾವ ಡಾಕ್ಟರೂ ಅಷ್ಟು ಕೇಳಿಲ್ಲ."

ಜಾಗಣ್ಣನಿಗೆ ಎದೆಯ ಮೇಲಿನ ಕಲ್ಲು ಸರಿದ ಹಾಗಾಯಿತು. ಆದರೆ ಹಗುರಾದ ಮನಸ್ಸು ಸುಳ್ಳನ್ನು ಇಟ್ಟುಕೊಳ್ಳಲು ಬಿಡುವುದಿಲ್ಲ. "ಸರ್, ನಿಜ ಹೇಳ್ತೀನಿ. ತಪ್ಪು ಇವರದಲ್ಲ. ಜಾಗ ಎಲ್ಲಾ ತಿಂದಿದ್ದು ನಾನು. ನನ್ನ ನಕಲು, ಅದರ ನಕಲು, ಹಾಗೇ ಬೆಳೆದು ಬೆಳೆದು..."

ದೊಡ್ಡ ಡಾಕ್ಟರು ಕೈ ಎತ್ತಿ ತಡೆದರು. ಅವರ ಕಣ್ಣಿನಲ್ಲಿ ನೀರಿನ ಹಾಗೆ ಏನೋ ಮಿನುಗಿತು. "ಎಲ್ಲರ ತಪ್ಪನ್ನೂ ತನ್ನ ತಲೆ ಮೇಲೆ ಹಾಕ್ಕೊಳ್ಳೋ ಜನ ಈಗ ಎಲ್ಲಿ ಸಿಗ್ತಾರೆ."

"ಅಲ್ಲ ಸರ್, ಮೂರು ಸಾವಿರದ ಆರುನೂರು ಜಿಬಿ ನಿಜವಾಗ್ಲೂ..."

"ಸಾಕು. ದೊಡ್ಡ ಮನಸ್ಸು ನಿಮ್ಮದು." ಅವರು ಒಂದು ಕಾಗದ ಮುಂದಕ್ಕೆ ತಳ್ಳಿದರು. "ಮೊದಲಿಂದಲೂ ನನ್ನ ಅನಿಸಿಕೆ ಅದೇ, ಯಂತ್ರಕ್ಕಿಂತ ಮನುಷ್ಯ ವಾಸಿ. ನಾಳೆಯಿಂದ ನೀವು ಬೆಳಿಗ್ಗೆ ಏಳಕ್ಕೇ ಬನ್ನಿ. ದಿನಾ ಒಂದೊಂದು ಇಲಾಖೆಗೂ ಹೋಗಿ, ಒಂದೊಂದು ಗಂಟೆ ಪಕ್ಕದಲ್ಲಿ ಕೂತು, ಇವತ್ತು ಮಾಡಿದ ಹಾಗೇ ಮಾಡಿ. ಮಧ್ಯಾಹ್ನ ಊರಾಚೆ ನಮ್ಮ ಇನ್ನೊಂದು ಆಸ್ಪತ್ರೆ ಇದೆಯಲ್ಲ, ಅಲ್ಲಿಗೂ ಹೋಗಿ ಬನ್ನಿ. ಹೇಗೂ ನಿಮ್ಮ ಹತ್ರ ಕಾರಿದೆ. ಯಂತ್ರ ವಿಶ್ರಾಂತಿ ತಗೊಳ್ಳಲಿ."

ಹಾಜರಿ ಮೇಡಂ ಪೆನ್ನು ಕೊಟ್ಟರು. ಮಾವ ಸಹಿ ಮಾಡುವ ಜಾಗ ತೋರಿಸಿದರು.

ಮೂರೂ ನಲವತ್ತಕ್ಕೆ ಅವನು ಕಾರಿನಲ್ಲಿದ್ದ. ನಾಲ್ಕಕ್ಕೆ ಎರಡು ನಿಮಿಷವಿರುವಾಗ ಮನೆ ಬಾಗಿಲಲ್ಲಿದ್ದ. ಹೆಂಡತಿ ಬೀಗ ಹಾಕಿ ಮೆಟ್ಟಿಲ ಮೇಲೆ ನಿಂತಿದ್ದವಳು ಗಡಿಯಾರ ನೋಡಿ, ಗಂಡನನ್ನು ನೋಡಿ, ಮತ್ತೆ ಗಡಿಯಾರ ನೋಡಿದಳು. "ಹುಷಾರಾಗಿದ್ದೀರಾ?" ಎಂದು ಮಾತ್ರ ಕೇಳಿದಳು.

ಪರೀಕ್ಷೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಬೇಲಿಯ ಆಚೆ ನಿಂತು ಜಾಗಣ್ಣ ನೋಡುತ್ತಿದ್ದ. ಅವಳು ಎಂಟರ ಆಕಾರದಲ್ಲಿ ಒಂದು ಕಂಬವನ್ನೂ ಮುಟ್ಟದೆ ಹೋದಳು, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಒಂದಿಂಚು ಜಾರದೆ ಎತ್ತಿದಳು. ಪರೀಕ್ಷಕ ಕಾಗದದ ಮೇಲೆ ಗೀಚಿ ತಲೆಯಾಡಿಸಿದ. ಅಷ್ಟರಲ್ಲಿ ಸ್ಕ್ಯಾನಿಂಗ್ ಅಕ್ಕನಿಂದಲೂ ಒಂದು ಸಂದೇಶ ಬಂತು. ಆಪರೇಷನ್ ಆಯಿತು, ಕಲ್ಲು ಹೊರಗೆ ಬಂತು, ಮೇಷ್ಟ್ರು ಎಚ್ಚರಾಗಿ ಕಲ್ಲಿನ ಅಳತೆ ಕೇಳುತ್ತಿದ್ದಾರೆ. ಜಾಗಣ್ಣನಿಗೆ ಬೇಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಗಬೇಕೆನಿಸಿತು, ನಕ್ಕ.

ವಾಪಸು ಬರುವಾಗ ಅವಳೇ ಓಡಿಸಿದಳು. ಅವನು ಪಕ್ಕದಲ್ಲಿ ಕೂತು ನಡೆದದ್ದೆಲ್ಲ ಹೇಳಿದ. ನಕಲಿನ ನಕಲಿನ ಕತೆ ಬಂದಾಗ ಅವಳಿಗೆ ನಗು ತಡೆಯಲಾಗದೆ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕಳು. ದೊಡ್ಡ ಡಾಕ್ಟರ ಕಾಗದದ ವಿಷಯ ಬಂದಾಗ ಕಣ್ಣೊರೆಸಿಕೊಂಡು, "ಪಾಪ," ಎಂದಳು. ನಿಜವಾಗಿಯೂ ಮರುಗಿ ಹೇಳಿದಳು.

"ಇರಲಿ ಬಿಡು," ಎಂದ ಅವನು. "ಯಾರಿಗೂ ಏನೂ ಆಗಲಿಲ್ಲ. ನೀನು ಪಾಸಾದೆ. ಏಳಕ್ಕೆ ತಾನೆ, ಆರೂಮುಕ್ಕಾಲಿಗೆ ಕಾರು ಎತ್ತಿದ್ರೆ ಸಾಕು."

ಹೆಂಡತಿ ಕನ್ನಡಿ ಸರಿ ಮಾಡಿ, ಇಂಡಿಕೇಟರ್ ಹಾಕಿ, ರಸ್ತೆಗೆ ಇಳಿಸಿದಳು.

"ಕಾರು ನಾಳೆಯಿಂದ ನನಗೆ ಬೇಕು ರೀ. ಪಾಸಾದ್ರೆ ದಿನಾ ಕೆಲಸಕ್ಕೆ ಕರ್ಕೊಂಡು ಹೋಗ್ತೀನಿ ಅಂತ ನಮ್ಮ ಆಫೀಸಿನವರಿಗೆ ಮಾತು ಕೊಟ್ಟಿದ್ದೀನಿ."

"ಅದಕ್ಕೇನಂತೆ. ದಾರಿಯಲ್ಲಿ ನನ್ನನ್ನೂ ಆಸ್ಪತ್ರೆ ಹತ್ರ ಇಳಿಸು."

ಅವಳು ಮನಸ್ಸಿನಲ್ಲೇ ಬೆರಳು ಮಡಿಚಿ ಎಣಿಸಿದಳು. ಹಿಂದೆ ಮೂವರು, ಮುಂದೆ ಒಬ್ಬರು, ಓಡಿಸುವುದು ತಾನು.

"ಜಾಗ ಇಲ್ಲ ರೀ," ಎಂದಳು ಮೆಲ್ಲಗೆ.